ಸಂವಿಧಾನದ ಆಶಯಗಳ ಮೇಲೆ ಪುಸ್ತಕ ತರುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪ್ರಬಂಧ ಸಂಕಲನದ ಪರಿವಿಡಿ ತಲುಪಿತು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಪೀಠಿಕೆಯ ನಾಲ್ಕು ಆಶಯಗಳಿಗೆ ಮೂರು ಮೂರರಂತೆ ಹನ್ನೆರಡು ಲೇಖನ. ವಿಂಗಡಣೆ ಚೆನ್ನಾಗಿದೆ. ಆದರೆ ಇಂಥ ಪುಸ್ತಕಗಳು ಸೋಲುವುದು ಬಹುಮಟ್ಟಿಗೆ ಒಂದೇ ಕಡೆ. ಲೇಖನ ಆಶಯವನ್ನು ಕೊಂಡಾಡುವಷ್ಟರಲ್ಲೇ ಮುಗಿದುಹೋಗುತ್ತದೆ. ಆ ಆಶಯ ಸಂವಿಧಾನ ರಚನಾ ಸಭೆಯ ಮುಂದೆ ಯಾವಾಗ ಬಂತು, ವಿರೋಧಿಸಿದವರು ಯಾರು, ಎಷ್ಟನೇ ವಿಧಿಯಾಗಿ ಕೂತಿತು, ಕಾಯ್ದೆಯಾಗಲು ಎಷ್ಟು ವರ್ಷ ಹಿಡಿಯಿತು, ಇವತ್ತು ಅದನ್ನು ಜಾರಿ ಮಾಡಬೇಕಾದ ಅಧಿಕಾರಿ ಯಾರು, ಅವನು ಮಾಡದಿದ್ದರೆ ಏನಾಗುತ್ತದೆ? ಪ್ರತಿ ಲೇಖಕರಿಗೂ ಈ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸು. ಉತ್ತರ ಇಲ್ಲದ ಲೇಖನವನ್ನು ಮುಲಾಜಿಲ್ಲದೆ ವಾಪಸ್ ಕಳಿಸು.

ಶಿಕ್ಷಣದ ಲೇಖನವನ್ನೇ ತಗೋ. ಮೂಲ 45ನೇ ವಿಧಿಯ ಪ್ರಕಾರ ಸಂವಿಧಾನ ಜಾರಿಯಾದ ಹತ್ತು ವರ್ಷದೊಳಗೆ, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕಿತ್ತು. ಅಂದರೆ ಗಡುವು 1960ರ ಜನವರಿಗೆ ಮುಗಿಯಿತು. ಅದು ನಿರ್ದೇಶಕ ತತ್ವಗಳ ಭಾಗದಲ್ಲಿತ್ತು. 37ನೇ ವಿಧಿ ಆ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬಿಡುವುದಿಲ್ಲ, ಹಾಗಾಗಿ ಗಡುವು ಮೀರಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಬಾಗಿಲು ತೆರೆದದ್ದು 1992ರಲ್ಲಿ, ಅದೂ ನಮ್ಮ ರಾಜ್ಯದ್ದೇ ಪ್ರಕರಣ. ಕಾಲೇಜುಗಳು ಸೀಟಿಗಾಗಿ ಪಡೆಯುವ ಕ್ಯಾಪಿಟೇಷನ್ ಶುಲ್ಕ ಪ್ರಶ್ನಿಸಿದ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಶಿಕ್ಷಣವೂ ಹಕ್ಕೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತ ಮಾಡಿತು. 2002ರ 86ನೇ ತಿದ್ದುಪಡಿಯಿಂದ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21ಎ ವಿಧಿ ಬಂತು, 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು.

ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಇದನ್ನು: ಮೂಲ ವಿಧಿಯಲ್ಲಿದ್ದದ್ದು 14ರವರೆಗಿನ ಎಲ್ಲ ಮಕ್ಕಳು, 21ಎಯಲ್ಲಿರುವುದು 6ರಿಂದ 14. ಆರು ವರ್ಷದೊಳಗಿನವರನ್ನು ಮತ್ತೆ ನಿರ್ದೇಶಕ ತತ್ವಗಳ ಸಾಲಿಗೇ ದೂಡಲಾಯಿತು. ಹಕ್ಕು ಗಟ್ಟಿಯಾದ ತಿದ್ದುಪಡಿಯಲ್ಲೇ ಚಿಕ್ಕ ಮಕ್ಕಳು ಹೊರಗುಳಿದರು. ಇನ್ನೂ ಕೆಳಗಿಳಿದರೆ ನಮ್ಮಲ್ಲೇ ಇನ್ನೊಂದು ಸಂಗತಿಯಿದೆ. ಖಾಸಗಿ ಶಾಲೆಗಳ ಶೇ 25ರಷ್ಟು ಸೀಟು ಬಡ, ದುರ್ಬಲ ವರ್ಗದ ಮಕ್ಕಳಿಗೆಂದು ಕಾಯ್ದೆ ಹೇಳಿದರೂ, 2019ರ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ ಮಾಡಿತು. ಸರ್ಕಾರಿ ಶಾಲೆ ಉಳಿಯಲೆಂದು ಇದನ್ನು ಒಪ್ಪುವವರೂ ಇದ್ದಾರೆ, ಬಡವರ ಆಯ್ಕೆ ಕಿತ್ತುಕೊಂಡಂತಾಯಿತು ಎನ್ನುವವರೂ ಇದ್ದಾರೆ. ಎರಡೂ ವಾದ ಲೇಖನದಲ್ಲಿ ಬರಲಿ, ಆದರೆ ಲೇಖಕರು ತಮ್ಮ ನಿಲುವನ್ನೂ ಹೇಳಲಿ.

ಭ್ರಾತೃತ್ವದ ಭಾಗವೇ ನಿನ್ನ ಪುಸ್ತಕದ ಜೀವಾಳ ಅಂತ ನನಗನ್ನಿಸುತ್ತದೆ. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ, 1947ರ ಜನವರಿ 22ರಂದು ಅಂಗೀಕಾರವಾದ ಧ್ಯೇಯಗಳ ನಿರ್ಣಯದಲ್ಲಿ ನ್ಯಾಯ, ಸಮಾನತೆ, ಸ್ವಾತಂತ್ರ್ಯ ಇದ್ದವು, ಭ್ರಾತೃತ್ವ ಇರಲಿಲ್ಲ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. 1948ರ ಫೆಬ್ರುವರಿ 21ರಂದು ಕರಡನ್ನು ಒಪ್ಪಿಸುವಾಗ, ಸೋದರಭಾವ, ಸೌಹಾರ್ದಗಳ ಅಗತ್ಯ ಭಾರತಕ್ಕೆ ಹಿಂದೆಂದಿಗಿಂತ ಈಗ ಹೆಚ್ಚಿದೆ ಎಂಬ ಕಾರಣವನ್ನು ಸಮಿತಿ ಕೊಟ್ಟಿತು. ವಿಭಜನೆಯ ರಕ್ತ ಆರಿರಲಿಲ್ಲ, ಗಾಂಧೀಜಿಯ ಹತ್ಯೆಯಾಗಿ ಮೂರು ವಾರವಷ್ಟೇ ಕಳೆದಿತ್ತು. ಈ ಹಿನ್ನೆಲೆ ಇಲ್ಲದೆ ಆ ಆಶಯವನ್ನು ವಿವರಿಸಿದರೆ ಅದು ಬರೀ ಸದ್ಭಾವನೆಯ ಮಾತಾಗುತ್ತದೆ.

ಭ್ರಾತೃತ್ವಕ್ಕೆಂದೇ ಮೀಸಲಾದ ಹಕ್ಕಿನ ವಿಧಿ ಇಲ್ಲ. ಹಾಗಂತ ಅದು ಗಾಳಿಯಲ್ಲೂ ಇಲ್ಲ. 15(2)ನೇ ವಿಧಿ ಓದಿಸು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಜಾಗಗಳನ್ನು ಒಂದೊಂದಾಗಿ ಹೆಸರಿಸುತ್ತದೆ. 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ದಲಿತರು ಮಹಾರಾಷ್ಟ್ರದ ಮಹಾಡದಲ್ಲಿ, ತಮಗೆ ನಿಷಿದ್ಧವಾಗಿದ್ದ ಚವದಾರ್ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹ ಬಲ್ಲವರಿಗೆ ಆ ಪಟ್ಟಿಯಲ್ಲಿ ಕೆರೆ ಯಾಕಿದೆ ಎಂದು ಹೇಳಬೇಕಾಗಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯನ್ನು 1948ರ ನವೆಂಬರ್ 29ರಂದು ಸಭೆ ಒಪ್ಪಿತು. ಶಿಕ್ಷೆ ವಿಧಿಸುವ ಕಾಯ್ದೆ 1955ರಲ್ಲಿ ಬಂತು, ಅದು ಸಾಲದೆಂದು 1989ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂತು. ಲೇಖನ ಅಲ್ಲಿಗೂ ನಿಲ್ಲಬಾರದು. ಆ ಕಾಯ್ದೆಯ 1995ರ ನಿಯಮದಂತೆ ತನಿಖಾಧಿಕಾರಿ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಕರ್ತವ್ಯ ಲೋಪ ಮಾಡಿದ ಸರ್ಕಾರಿ ನೌಕರನಿಗೆ 4ನೇ ಕಲಮಿನಲ್ಲಿ ಶಿಕ್ಷೆಯಿದೆ. ಇಷ್ಟಿದ್ದೂ ಪ್ರಕರಣಗಳು ಸಡಿಲವಾಗುವುದು ಎಫ್‌ಐಆರ್ ತಡವಾದಾಗ, ದೂರುದಾರರ ಮೇಲೇ ಪ್ರತಿದೂರು ಬಿದ್ದಾಗ, ರಾಜಿಯ ಒತ್ತಡಕ್ಕೆ ಸಾಕ್ಷಿಗಳು ತಿರುಗಿಬಿದ್ದಾಗ. ಒಂದೇ ಒಂದು ಜಿಲ್ಲೆಯ ತೀರ್ಪುಗಳನ್ನು ಕೂತು ಓದಿದ ಲೇಖಕರು ಸಿಕ್ಕರೆ ಅವರಿಗೆ ಇಪ್ಪತ್ತು ಪುಟ ಕೊಡು.

ಗ್ರಾಮ ಪಂಚಾಯಿತಿ ಕುರಿತ ಲೇಖನಕ್ಕೆ ಒಳ್ಳೆಯ ಜಗಳವೇ ಇದೆ. 1948ರ ನವೆಂಬರ್ 4ರ ಭಾಷಣದಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಕಟುವಾಗಿ ಟೀಕಿಸಿದರು. ಅದೇ ತಿಂಗಳು ಗಾಂಧಿವಾದಿಗಳ ಒತ್ತಾಯಕ್ಕೆ, ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಬೇಕೆನ್ನುವ ಈಗಿನ 40ನೇ ವಿಧಿ ಸೇರಿತು. 1983ರ ಕರ್ನಾಟಕದ ಪಂಚಾಯಿತಿ ಕಾಯ್ದೆ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರು ಅದರ ಬೆನ್ನಿಗೆ ನಿಂತಿದ್ದರು. ದೇಶದ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ದೇಶಕ್ಕಿಂತ ಮುಂಚೆ ನಾವು ಮಾಡಿ ನೋಡಿದ್ದನ್ನು ಕನ್ನಡದ ಪುಸ್ತಕವೇ ಬಿಟ್ಟರೆ ಹೇಗೆ?

ಈಗ ಕರಡಚ್ಚಿನಲ್ಲಿ ನೀನೇ ಹಿಡಿಯಬೇಕಾದ ತಪ್ಪುಗಳು. ರಾಜಕೀಯ ಸಮಾನತೆ ಇದ್ದೂ ಸಾಮಾಜಿಕ ಅಸಮಾನತೆ ಉಳಿಯುವ ವೈರುಧ್ಯದ ಬಗ್ಗೆ ಅಂಬೇಡ್ಕರ್ ಎಚ್ಚರಿಸಿದ ಭಾಷಣ 1949ರ ನವೆಂಬರ್ 25ರದ್ದು. ಸಂವಿಧಾನ ಅಂಗೀಕಾರವಾದದ್ದು ಮರುದಿನವಾದ್ದರಿಂದ 26 ಎಂದು ಬರೆಯುವವರು ಹೆಚ್ಚು. ಸಂವಿಧಾನ ರಚನಾ ಸಭೆಯನ್ನು ವಯಸ್ಕ ಮತದಾನದಿಂದ ಆರಿಸಿರಲಿಲ್ಲ. ಪ್ರಾಂತ್ಯಗಳ ಸದಸ್ಯರನ್ನು ಆರಿಸಿದ್ದು ಪ್ರಾಂತೀಯ ಶಾಸನಸಭೆಗಳು, ಆ ಶಾಸನಸಭೆಗಳಿಗೆ ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಸಭೆ ಒಟ್ಟು 165 ದಿನ ಸೇರಿತು, ಅದರಲ್ಲಿ ಕರಡಿನ ಚರ್ಚೆಗೆ ಹೋದದ್ದು 114 ದಿನ. ಸೂಚಿಸಿದ ತಿದ್ದುಪಡಿ 7,635, ಮಂಡನೆಯಾದದ್ದು 2,473. ಈ ಅಂಕಿಗಳನ್ನು ಅದಲುಬದಲು ಮಾಡುತ್ತಾರೆ. ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು ಸಿದ್ಧಪಡಿಸಿದ ಮೊದಲ ಕರಡನ್ನೂ ಕರಡು ಸಮಿತಿಯ ಕರಡನ್ನೂ ಒಂದೇ ಎಂದುಕೊಳ್ಳುವುದೂ ಉಂಟು.

ಪೀಠಿಕೆ ಉಲ್ಲೇಖಿಸುವಾಗ 1949ರ ಪಠ್ಯವೋ 1976ರ ನಂತರದ್ದೋ ಎಂದು ಪ್ರತಿ ಸಲ ನಮೂದಿಸು. ಸಮಾಜವಾದಿ, ಜಾತ್ಯತೀತ ಎಂಬ ವಿಶೇಷಣಗಳೂ ಅಖಂಡತೆಯೂ 42ನೇ ತಿದ್ದುಪಡಿಯಿಂದ ಬಂದವು. ಹಾಗಂತ ಈ ವಿಚಾರವೇ 1976ರಲ್ಲಿ ಹುಟ್ಟಿತು ಎನ್ನುವುದೂ ತಪ್ಪು. ಸಮಾಜವಾದಿ, ಜಾತ್ಯತೀತ ಎಂಬೆರಡನ್ನೂ ಒಂದನೇ ವಿಧಿಗೆ ಸೇರಿಸಬೇಕೆಂದು ಸಭೆಯ ಸದಸ್ಯ ಕೆ.ಟಿ. ಷಾ 1948ರ ನವೆಂಬರ್ 15ರಂದೇ ಕೇಳಿದ್ದರು, ಅಂಬೇಡ್ಕರ್ ಒಪ್ಪಲಿಲ್ಲ. ಅನುಬಂಧದಲ್ಲಿ ಎರಡೂ ಪಠ್ಯ ಎದುರುಬದುರು ಪುಟದಲ್ಲಿ ಬರಲಿ.

ಲೇಖನಕ್ಕೆ ಸಾಮಾನ್ಯವಾಗಿ 3,000 ಪದದ ಮಿತಿ ಇಟ್ಟರೆ, ಡೆಮಿ 1/8 ಅಳತೆಯ ಪುಟಕ್ಕೆ ಸುಮಾರು 220 ಪದದಂತೆ ಹನ್ನೆರಡು ಲೇಖನಕ್ಕೆ ಸುಮಾರು 164 ಪುಟವಾಗುತ್ತದೆ. ಮುನ್ನುಡಿ, ಕಾಲಾನುಕ್ರಮಣಿಕೆ, ಪದಸೂಚಿ ಸೇರಿ ಹದಿನಾರು ಪುಟದ ಹನ್ನೆರಡು ಫಾರಂಗೆ ಕೂರುತ್ತದೆ. ಯಾವ ಉಲ್ಲೇಖ ಯಾರ ಲೇಖನದಲ್ಲಿದೆ ಎಂಬ ಒಂದು ಪಟ್ಟಿಯನ್ನು ಮೊದಲ ದಿನದಿಂದ ಇಟ್ಟುಕೋ. ಇಲ್ಲದಿದ್ದರೆ ನವೆಂಬರ್ 25ರ ಅದೇ ಸಾಲು ಐದು ಕಡೆ ಬರುತ್ತದೆ.

ಕೊನೆಗೆ, ಸ್ವಾತಂತ್ರ್ಯದ ಭಾಗದಲ್ಲಿ ಮೊದಲ ತಿದ್ದುಪಡಿಯ ಲೇಖನವೇ ಇಲ್ಲ. 1950ರಲ್ಲಿ ಎಡಪಂಥದ ‘ಕ್ರಾಸ್ ರೋಡ್ಸ್’ ಮತ್ತು ಬಲಪಂಥದ ‘ಆರ್ಗನೈಸರ್’ ಎರಡೂ ಪತ್ರಿಕೆಗಳ ಪರ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಸರ್ಕಾರ ಮೊದಲ ತಿದ್ದುಪಡಿ ತಂದು, ವಾಕ್ ಸ್ವಾತಂತ್ರ್ಯದ ಮೇಲೆ 19(2)ನೇ ವಿಧಿ ಹೇರುವ ನಿರ್ಬಂಧಗಳನ್ನು ಹಿಗ್ಗಿಸಿತು, ಜೊತೆಗೆ ನಿರ್ಬಂಧ ಸಮಂಜಸವಾಗಿರಬೇಕು ಎಂಬ ಷರತ್ತನ್ನೂ ಹಾಕಿತು. ಅದೇ ತಿದ್ದುಪಡಿ ಹಿಂದುಳಿದ ವರ್ಗಗಳ ಮೀಸಲಾತಿಗೆ ದಾರಿ ಮಾಡಿದ 15(4)ನ್ನೂ ತಂದಿತು. ಇದನ್ನು ಪಾಸು ಮಾಡಿದ ಹಂಗಾಮಿ ಸಂಸತ್ತಿನಲ್ಲಿ ಕೂತಿದ್ದವರು ಬಹುಪಾಲು ಸಂವಿಧಾನ ಬರೆದವರೇ. ಸ್ವಾತಂತ್ರ್ಯ ಕುಗ್ಗಿದ್ದೂ ಸಮಾನತೆ ಹಿಗ್ಗಿದ್ದೂ ಒಂದೇ ಮಸೂದೆಯಲ್ಲಿ. ಬರೆಯುವವರನ್ನು ಬೇಗ ಹುಡುಕು. ಸಿಕ್ಕ ಕೂಡಲೇ ತಿಳಿಸು, 1951ರ ಮೇ–ಜೂನ್ ಚರ್ಚೆಯಲ್ಲಿ ಓದಲೇಬೇಕಾದ ಪುಟಗಳನ್ನು ಗುರುತು ಹಾಕಿ ಕಳಿಸುತ್ತೇನೆ.

ಇಂತಿ,
ನಿನ್ನ ಗೆಳೆಯ