ಲೈವ್ ನೋಡುವವರೂ ಸಭೆಯವರೇ ಅಲ್ವಾ?

ಸಂಪಾದಕರಿಗೆ ನಮಸ್ಕಾರ,

ನಾನು ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವ, ಸಭೆ ಅಂದ್ರೆ ನಮ್ಮ ಚರ್ಚಿನ ಜನ, ಭಾನುವಾರ ಆರಾಧನೆ ಲೈವ್ ಬಿಡುವ ಕೆಲಸ ನನ್ನದು. ದೊಡ್ಡ ಕ್ಯಾಮೆರಾ ಎಂತ ಇಲ್ಲ, ಟ್ರೈಪಾಡ್ ಮೇಲೆ ಒಂದು ಮೊಬೈಲು, ಮಿಕ್ಸರಿನಿಂದ ಎಳೆದ ಒಂದು ವಯರು ಅಷ್ಟೇ. ಆ ವಯರು ಹಾಕುವ ಮುಂಚೆ ಸುಮಾರು ಒಂದು ವರ್ಷ ಮನೆಯಲ್ಲಿ ಕೂತವರಿಗೆ ಪಾಸ್ಟರರ ಪ್ರಸಂಗಕ್ಕಿಂತ (ಪ್ರವಚನಕ್ಕಿಂತ) ಫ್ಯಾನಿನ ಶಬ್ದವೇ ಜಾಸ್ತಿ ಕೇಳ್ತಿತ್ತು, ಪಾಪ ಯಾರೂ ಬೈಲಿಲ್ಲ.

ಶುರುವಾದದ್ದು ಎಲ್ಲ ಕಡೆಯ ಹಾಗೆ 2020ರಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನು, ಏಪ್ರಿಲ್ 10ಕ್ಕೆ ಗುಡ್ ಫ್ರೈಡೇ, 12ಕ್ಕೆ ಈಸ್ಟರ್, ಪಾಸ್ಟರ್ ಒಬ್ಬರೇ ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದ್ರು. ಆಮೇಲೆ ಬಾಗಿಲು ತೆರೀತು, ಜನ ನಿಧಾನಕ್ಕೆ ಬಂದ್ರು, ಲೈವ್ ಮಾತ್ರ ನಿಲ್ಲಲಿಲ್ಲ. ನಿಲ್ಲಿಸುದು ಬೇಡ ಅಂತಲೇ ನಾನೂ ಹೇಳುದು. ದುಬೈ, ಅಬುಧಾಬಿಯಲ್ಲಿ ನಮ್ಮವರು ಎಷ್ಟು ಜನ ಇಲ್ಲ, ಅಲ್ಲಿ ಮುಂಚೆ ಶುಕ್ರವಾರ ರಜೆ ಅಂತ ಚರ್ಚಿನ ಮುಖ್ಯ ಆರಾಧನೆಯೂ ಅವತ್ತೇ ಆಗ್ತಿತ್ತು, 2022ರ ಜನವರಿಯಿಂದ ವಾರದ ರಜೆ ಶನಿವಾರ ಭಾನುವಾರ ಆದ ಮೇಲೆ ನಮ್ಮ 9 ಗಂಟೆಯ ಆರಾಧನೆ ಅವರಿಗೆ ಬೆಳಿಗ್ಗೆ ಏಳೂವರೆಗೆ ಚಾ ಕುಡಿಯುವಾಗ ಸಿಗ್ತದೆ. ಊರಿನ ಗೀತೆ ಕೇಳಿದ್ರೆ ಅವರಿಗೆ ಎಷ್ಟು ಖುಷಿ ಅಂತ ನನಗೆ ಬರುವ ವಾಯ್ಸ್ ಮೆಸೇಜಿನಲ್ಲಿ ಗೊತ್ತಾಗ್ತದೆ.

ನನ್ನ ತಕರಾರು ಬೇರೆ. ಕಮಿಟಿ ಮೀಟಿಂಗಿನಲ್ಲಿ "ಈ ವಾರ 140 ವ್ಯೂಸ್" ಅಂತ ಒಬ್ಬರು ಓದ್ತಾರೆ, ಉಳಿದವರು ತಲೆ ಆಡಿಸ್ತಾರೆ, ಅಲ್ಲಿಗೆ ಮುಗೀತು. ಆ 140ರಲ್ಲಿ ಯಾರು, ಎಷ್ಟು ಜನ ಪೂರ್ತಿ ಕೂತು ನೋಡಿದ್ರು, ಯಾರು ಎರಡು ನಿಮಿಷಕ್ಕೆ ರೀಲ್ಸಿಗೆ ಓಡಿದ್ರು, ಕೇಳುವವರೇ ಇಲ್ಲ. ನಮ್ಮಲ್ಲಿ ಒಬ್ಬರು ಅಜ್ಜಿ, ಸೊಂಟ ಮುರಿದು ಮಲಗಿದಲ್ಲೇ ಇದ್ದಾರೆ. ಅವರು ಲೈವ್ ನೋಡ್ತಾರೆ ಬಿಡಿ ಅಂತ ನಾವೆಲ್ಲ ಸಮಾಧಾನದಲ್ಲಿದ್ದೆವು. ಮೊನ್ನೆ ಬೇರೆ ಕೆಲಸಕ್ಕೆ ಆ ಕಡೆ ಹೋದವ ಮಾತಾಡಿಸಿದೆ. "ಮೊಬೈಲಾ? ಅದು ಮೊಮ್ಮಗ ಬೆಂಗಳೂರಿಗೆ ಹೋಗುವಾಗ ತಗೊಂಡು ಹೋದ ಮಗಾ, ನಾಲ್ಕು ತಿಂಗಳಾಯ್ತು" ಅಂದ್ರು. ಭಾನುವಾರ ಎಂತ ಮಾಡ್ತೀರಿ ಅಜ್ಜಿ ಅಂದ್ರೆ, ಚರ್ಚಿನ ಗಂಟೆ ಕೇಳ್ತದಲ್ಲ, ಆವಾಗ ಗೀತೆ ಪುಸ್ತಕ ತೆಗೆದು ಹಾಡ್ತೇನೆ ಅಂದ್ರು. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು, ರಟ್ಟು ಹೋಗಿ ಪ್ಲಾಸ್ಟಿಕ್ ಕವರ್ ಹಾಕಿದ್ದು. ನನಗೆ ಅಲ್ಲಿ ಕೂತುಕೊಳ್ಳಲಿಕ್ಕೇ ನಾಚಿಕೆ ಆಯ್ತು ಮಾರಾಯ್ರೆ. ನಾಲ್ಕು ತಿಂಗಳು ಒಬ್ಬರೂ ಹೋಗಿ ನೋಡ್ಲಿಲ್ಲ ಅಂದ್ರೆ ಎಂತ ಅರ್ಥ, ಲೈವ್ ಇಲ್ಲದಿದ್ರೆ ಖಂಡಿತ ಯಾರಾದ್ರೂ ಹೋಗ್ತಿದ್ರು.

ಪಾಸ್ಟರರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ನಮ್ಮಲ್ಲಿ ಒಬ್ಬರೇ ಪಾಸ್ಟರಿಗೆ ಎರಡು ಮೂರು ಸಭೆ, ಮದುವೆ, ಮಣ್ಣು ಮಾಡುದು, ಶಾಲೆಯ ಮೀಟಿಂಗು ಬೇರೆ. ಅದರ ಮೇಲೆ ಈಗ ಮೊಬೈಲಿಗೂ ಮುಖ ತೋರಿಸ್ಬೇಕು. ನಮ್ಮವರು ಕೆಲವು ತಿಂಗಳು ಪ್ರಸಂಗ ಪೂರ್ತಿ ಲೆನ್ಸ್ ನೋಡಿಯೇ ಮಾಡಿದ್ರು, ಎದುರಿನ ಬೆಂಚಿನವರಿಗೆ ಇವರು ಯಾರಿಗೆ ಹೇಳುದು ಅಂತ ಆಯ್ತು, ಒಮ್ಮೆ ಆಶೀರ್ವಾದ ಮುಗಿದ ಕೂಡಲೇ ಲೈಕ್ ಮಾಡಿ ಶೇರ್ ಮಾಡಿ ಅಂತಲೂ ಬಾಯಿಗೆ ಬಂತು! ನಾನೇ ಹೋಗಿ ಹೇಳಿದೆ, ನೀವು ಜನರನ್ನು ನೋಡಿ, ಮೊಬೈಲನ್ನು ನಾನು ನೋಡಿಕೊಳ್ತೇನೆ ಅಂತ. ಅವರು ನಕ್ಕು ಒಪ್ಪಿದ್ರು.

ಹಾಗಾದ್ರೆ ಬರಲಿಕ್ಕೆ ಆಗದವರನ್ನೂ ಸೇರಿಸಿ ಸಭೆ ನಡೆಸುದು ಹೇಗೆ ಅಂದ್ರೆ ಉಪಾಯ ಹಳೆಯದೇ ಉಂಟು. ಕ್ರಿ.ಶ. 150ರ ಸುಮಾರಿಗೆ ಜಸ್ಟಿನ್ ಅಂತ ಒಬ್ಬ ಕ್ರೈಸ್ತ ಬರಹಗಾರರು ಭಾನುವಾರದ ಆರಾಧನೆ ಹೇಗೆ ನಡೀತಿತ್ತು ಅಂತ ಬರೆದಿಟ್ಟಿದ್ದಾರೆ, ಬಾರದೇ ಇದ್ದವರ ಪಾಲಿನ ರೊಟ್ಟಿ ದ್ರಾಕ್ಷಾರಸವನ್ನು ಡೀಕನ್‌ಗಳು, ಅಂದ್ರೆ ಸಭೆಯ ಸೇವಕರು, ಅವರಿದ್ದಲ್ಲಿಗೆ ತಗೊಂಡು ಹೋಗ್ತಿದ್ರಂತೆ. ಕರ್ತನ ಭೋಜನ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿ ತಗೊಳ್ಳುದು, ಯೂಟ್ಯೂಬಿನಲ್ಲಿ ಬರುದಿಲ್ಲ. ಲಾಕ್‌ಡೌನಿನಲ್ಲಿ ಕೆಲವರು ಮನೆಯಲ್ಲೇ ರೊಟ್ಟಿ ದ್ರಾಕ್ಷಾರಸ ಇಟ್ಟು ಮೊಬೈಲ್ ಎದುರು ತಗೊಂಡ್ರು, ಅದು ಸರಿಯಾ ತಪ್ಪಾ ಅಂತ ಇವತ್ತಿಗೂ ವಾದ ಉಂಟು, ಕಥೋಲಿಕರಿಗೆ 2020ರ ಸೆಪ್ಟೆಂಬರಿನಲ್ಲೇ ವ್ಯಾಟಿಕನ್‌ನಿಂದ ಪತ್ರ ಬಂತು, ಪ್ರಸಾರ ನೋಡುದು ಚರ್ಚಿಗೆ ಬಂದು ಬಲಿಪೂಜೆಯಲ್ಲಿ ಭಾಗವಹಿಸಿದ್ದಕ್ಕೆ ಸಮ ಅಲ್ಲ ಅಂತ. ಈ ವಾದದಲ್ಲಿ ನಾನು ಬೀಳುದಿಲ್ಲ. ನನಗೆ ಬೇಕಾದ್ದು ಒಂದು ನೋಟ್‌ಬುಕ್ಕು: ಬರಲಿಕ್ಕೆ ಆಗದವರ ಹೆಸರು, ಯಾಕೆ ಆಗುದಿಲ್ಲ, ಯಾವ ಸಭಾಹಿರಿಯರಿಗೆ ಯಾವ ಎಂಟು ಮನೆ, ಕೊನೆಗೆ ಯಾವಾಗ ಹೋದದ್ದು. ಗಲ್ಫಿನವರಿಗಾದ್ರೆ ಸೋಮವಾರ ಒಂದು ಫೋನು. ಪಾಸ್ಟರ್ ಆ ಪುಸ್ತಕ ತಿಂಗಳಿಗೊಮ್ಮೆ ನೋಡಿದ್ರೆ ಸಾಕು. ಸ್ತ್ರೀ ಸಮಾಜದ ಅಕ್ಕಂದಿರು ಅರ್ಧ ಕೆಲಸ ಯಾರೂ ಹೇಳದೇ ಮಾಡ್ತಿದ್ದಾರೆ, ಅವರನ್ನು ಕಮಿಟಿಗೆ ಕರೆದು ಕೇಳಿದ್ರೆ ಆಯ್ತು. ಮಂಗಳೂರು ಬಲ್ಮಠದ ಕರ್ನಾಟಕ ತಿಯಲಾಜಿಕಲ್ ಕಾಲೇಜಿನಲ್ಲಿ ಪಾಸ್ಟರ್ ಆಗಲಿಕ್ಕೆ ಓದುವವರು ನಮ್ಮ ಕಡೆಯ ಸಭೆಗಳಿಗೆ ಬಂದ್ರೆ ಪ್ರಸಂಗ ಮಾಡಿಸುವ ಜೊತೆಗೆ ಈ ಪುಸ್ತಕವನ್ನೂ ಕೈಗೆ ಕೊಡಬೇಕು ಅಂತ ನನ್ನ ಆಸೆ.

ಬೇರೆ ಸಭೆಯವರು, ಕಥೋಲಿಕ ಚರ್ಚಿನವರೂ ಹೇಗೆ ಮಾಡ್ತಿದ್ದೀರಿ ಅಂತ ಇದೇ ಅಂಕಣಕ್ಕೆ ಬರೀರಿ. ಕಾಣಿಕೆ ಚೀಲದ ಜೊತೆ ಕ್ಯೂಆರ್ ಕೋಡ್ ಇಟ್ಟ ಕಥೆ ನಾನು ಇಲ್ಲಿ ತೆಗೀಲೇ ಇಲ್ಲ, ಅದು ಇನ್ನೊಂದು ಪತ್ರದಷ್ಟು ಉಂಟು.

– ಒಬ್ಬ ಸಭಾ ಸದಸ್ಯ, ಉಡುಪಿ ಜಿಲ್ಲೆ