ಮೊದಲು ಫಿಲ್ಟರ್ ಲೆಕ್ಕ, ಆಮೇಲೆ ಫಿಲಂ ಲೆಕ್ಕ

ಹಾಸನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗೊರೂರು ಹಿನ್ನೀರು ತುಂಬಿದಾಗ ಶೆಟ್ಟಿಹಳ್ಳಿ ಚರ್ಚಿನ ಫೋಟೋವನ್ನು ಫಿಲಂನಲ್ಲೇ, ನೀರಿನ ಅಲೆ ಅಳಿಸಿಹೋಗುವ ಹಾಗೆ ತೆಗೀಬೇಕು ಅಂತ ಬರೆದಿದ್ದೀಯ. ತುಂಬ ಸಂತೋಷ. ಆದರೆ ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ಮಾಡು. ಹೆಚ್ಚಿನವರ ನೆಗೆಟಿವ್ ಬೆಳಕು ಸಾಲದೆ ತೆಳುವಾಗುವುದು ಅಲ್ಲೇ.

ಅಲೆ ಅಳಿಸಲು ಶಟರ್ ತುಂಬ ಹೊತ್ತು ತೆರೆದಿರಬೇಕು, ಅದಕ್ಕೇ ಬೆಳಕು ತಡೆಯುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್. ಅದನ್ನು ಹಾಕುವ ಮೊದಲೇ ಬೆಳಕು ಅಳೆಯುವ ಮೀಟರ್ ನೋಡು. 10 ಸ್ಟಾಪ್ ಫಿಲ್ಟರ್ ಹಿಂದಿನ ಮಂದ ಬೆಳಕು ಮೀಟರಿಗೆ ಸರಿಯಾಗಿ ಸಿಗುವುದಿಲ್ಲ. ಮೋಡದ ಬೆಳಿಗ್ಗೆ ಇಲ್ಫೋರ್ಡ್ ಕಂಪನಿಯ ಎಫ್‌ಪಿ4 ಪ್ಲಸ್ ಫಿಲಂಗೆ ಲೆನ್ಸಿನ ಕಿಂಡಿ ಎಫ್/11ರಲ್ಲಿ 1/15 ಸೆಕೆಂಡ್ ಬಂತು ಅಂದುಕೋ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ, ಹಾಗಾಗಿ ಒಂದೊಂದು ಸ್ಟಾಪಿಗೂ ಸಮಯ ಎರಡರಷ್ಟಾಗುತ್ತೆ, 10 ಸ್ಟಾಪಿಗೆ 1024 ಪಟ್ಟು. ಅಂದರೆ 68 ಸೆಕೆಂಡ್.

ಇಷ್ಟಕ್ಕೇ ನಿಲ್ಲಿಸಬೇಡ. ಬೆಳಕು ಇಷ್ಟು ನಿಧಾನವಾಗಿ ಬಂದಾಗ ಫಿಲಂನ ಹರಳಿನಲ್ಲಿ ಮೂಡಲು ಶುರುವಾದ ಬೆಳ್ಳಿಯ ಕಣ ಗಟ್ಟಿಯಾಗುವ ಮೊದಲೇ ಕರಗಿಬಿಡುತ್ತೆ. ಇದನ್ನೇ ರೆಸಿಪ್ರಾಸಿಟಿ ಫೇಲ್ಯೂರ್ ಅನ್ನುವುದು. ಅದಕ್ಕೇ ಸಮಯ ಇನ್ನೂ ಹೆಚ್ಚು ಕೊಡಬೇಕು. ಇಲ್ಫೋರ್ಡ್‌ನವರು ಎಫ್‌ಪಿ4 ಪ್ಲಸ್‌ಗೆ 1.26, ಅವರದೇ ಇನ್ನೊಂದು ಫಿಲಂ ಎಚ್‌ಪಿ5 ಪ್ಲಸ್‌ಗೆ 1.31 ಅಂತ ಘಾತ ಕೊಟ್ಟಿದ್ದಾರೆ. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 68ರ ಘಾತ 1.26 ಒತ್ತು: ಸುಮಾರು 204, ಅಂದರೆ 3 ನಿಮಿಷ 24 ಸೆಕೆಂಡ್. ಎಚ್‌ಪಿ5ರಲ್ಲಿ ಅದೇ 68 ಸೆಕೆಂಡ್ 4 ನಿಮಿಷ 12 ಸೆಕೆಂಡ್ ಆಗುತ್ತೆ. ಫ್ಯೂಜಿ ಅಕ್ರಾಸ್ ಫಿಲಂಗೆ 120 ಸೆಕೆಂಡಿನವರೆಗೂ ಏನೂ ಸೇರಿಸಬೇಕಿಲ್ಲ, 68 ಅಂದರೆ 68 ಸೆಕೆಂಡೇ. ಸಿಕ್ಕರೆ ಅದನ್ನೇ ತಗೋ.

“1/15ಕ್ಕೆ ತಿದ್ದುಪಡಿ ಬೇಡವಲ್ಲ” ಅಂತ ಬರೀ ಗುಣಿಸಿ ಬಿಟ್ಟರೆ ಒಂದೂವರೆ ಸ್ಟಾಪ್ ಕಡಿಮೆ ಬೀಳುತ್ತೆ. ಎರಡು ಫಿಲ್ಟರ್ ಹಾಕಿದಾಗಲೂ ಅಷ್ಟೇ: ಮೊದಲು ಸ್ಟಾಪ್‌ಗಳನ್ನು ಕೂಡಿಸು, ಘಾತ ಕೊನೆಗೆ ಒಂದೇ ಸಲ. ಫಿಲ್ಟರ್ ಮೇಲಿನ ಅಂಕಿಯನ್ನೂ ಗಮನಿಸು. ಎನ್‌ಡಿ 8 ಅಂದರೆ 8 ಸ್ಟಾಪ್ ಅಲ್ಲ, 3. 1.8 ಅಂತ ಇದ್ದರೆ 6 ಸ್ಟಾಪ್, 3.0 ಇದ್ದರೆ 10.

ಫ್ರೇಮ್, ಫೋಕಸ್ ಎರಡನ್ನೂ ಮುಗಿಸಿ, ಫೋಕಸ್ ರಿಂಗಿಗೆ ಟೇಪ್ ಅಂಟಿಸಿ, ಆಮೇಲೆ ಫಿಲ್ಟರ್ ತಿರುಗಿಸು. ಹಿನ್ನೀರಿನ ದಂಡೆಯ ಕೆಸರಿನಲ್ಲಿ ಟ್ರೈಪಾಡ್ ಕಾಲು ಮೂರು ನಿಮಿಷದಲ್ಲಿ ಕಣ್ಣಿಗೆ ಕಾಣದಷ್ಟು ಇಳಿಯುತ್ತೆ, ಗೋಡೆಯ ಅಂಚು ಕದಡಿಹೋಗುತ್ತೆ. ಪ್ರತಿ ಕಾಲಿನಡಿಗೂ ಚಪ್ಪಟೆ ಕಲ್ಲಿಟ್ಟು ಒತ್ತಿ ಕೂರಿಸು. ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಸೆಟ್ಟಿಂಗಿನಲ್ಲಿಟ್ಟು, ಲಾಕ್ ಇರುವ ಕೇಬಲ್ ರಿಲೀಸ್ ಬಳಸು. ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾ ಆದರೆ ಹೊಸ ಬ್ಯಾಟರಿ ಜೊತೆಗಿರಲಿ.

ಹತ್ತಿಪ್ಪತ್ತು ಸೆಕೆಂಡ್ ಆಚೀಚೆ ಆದರೆ ಚಿಂತೆಯಿಲ್ಲ. ನಮ್ಮ ಕಡೆಯ ಮೋಡದ್ದೇ ಚಿಂತೆ. ನಡುವೆ ಬಿಸಿಲು ಬಿದ್ದರೆ ಕ್ಯಾಮೆರಾ ಮುಟ್ಟದೆ ಲೆನ್ಸ್ ಮುಂದೆ ಕಪ್ಪು ರಟ್ಟು ಹಿಡಿ, ಟೈಮರ್ ನಿಲ್ಲಿಸು, ಮೋಡ ಮುಚ್ಚಿದ ಮೇಲೆ ಮುಂದುವರಿಸು.

ಇಷ್ಟು ಹೊತ್ತು ಶಟರ್ ತೆರೆದು ತೆಗೆದಾಗ ನೆರಳೇ ಹೆಚ್ಚು ಸೊರಗುವುದರಿಂದ ಕಾಂಟ್ರಾಸ್ಟ್ ಏರುತ್ತೆ. ರೋಲ್ ಪೂರ್ತಿ ಇಂಥವೇ ಇದ್ದರೆ ಡೆವಲಪಿಂಗ್ ಸಮಯವನ್ನು ನೂರಕ್ಕೆ ಹತ್ತರಷ್ಟು ಇಳಿಸು. ಅನುಮಾನವಿದ್ದರೆ ಇನ್ನೊಂದು ಫ್ರೇಮ್ ತೆಗಿ, ಎರಡರಷ್ಟು ಸಮಯಕ್ಕೆ, ಅರ್ಧಕ್ಕಂತೂ ಬೇಡ. ನೆಗೆಟಿವ್ ಒಣಗಿದ ಮೇಲೆ ಕಮಾನಿನ ಒಳಗಿನ ನೆರಳಲ್ಲಿ ವಿವರ ಉಳಿದಿದೆಯಾ ನೋಡಿ ನನಗೆ ಬರಿ.

ನಿನ್ನ ದೊಡ್ಡಪ್ಪ