ಸ್ಯಾನಿಟೈಸರ್ ಬಾಟಲಿ ಸಾಲದು, ನಲ್ಲಿಯ ಪಕ್ಕ ಸೋಪು ಇರಲಿ

ಮಾನ್ಯರೇ,

ಮಳೆ ಹಿಡಿಯುತ್ತಿದ್ದಂತೆ ಅಂಗನವಾಡಿ ಮತ್ತು ನಲಿಕಲಿ ತರಗತಿಗಳ ಮಕ್ಕಳಲ್ಲಿ ಕೈ, ಕಾಲು, ಬಾಯಿಯ ಗುಳ್ಳೆ ಜ್ವರ ಮತ್ತೆ ಕಾಣಿಸಿಕೊಂಡಿದೆ. ಮೊದಲು ಜ್ವರ, ಆಮೇಲೆ ಬಾಯಿಹುಣ್ಣು, ಅದರ ಹಿಂದೆಯೇ ಅಂಗೈ, ಅಂಗಾಲುಗಳಲ್ಲಿ ಕೆಂಪು ಗುಳ್ಳೆ. ಇದನ್ನು ಕಂಡ ಕೆಲವು ಮನೆಗಳವರು ‘ಅಮ್ಮ’ ಎಂದುಕೊಳ್ಳುತ್ತಾರೆ. ದನಗಳ ಕಾಲುಬಾಯಿ ಜ್ವರ ಮಗುವಿಗೆ ಹತ್ತಿತೆಂದು ಹಾಲು ಕೊಡುವುದನ್ನೇ ನಿಲ್ಲಿಸಿದವರೂ ಇದ್ದಾರೆ. ಮಕ್ಕಳ ಈ ಜ್ವರದ ಮತ್ತು ದನಗಳ ಜ್ವರದ ವೈರಸ್‌ಗಳು ಪಿಕೋರ್ನಾ ಎಂಬ ಒಂದೇ ಕುಟುಂಬಕ್ಕೆ ಸೇರಿದವು, ನಿಜ. ಆದರೆ ಮಕ್ಕಳ ಈ ಜ್ವರ ದನದಿಂದ ಬರುವುದಿಲ್ಲ, ಮನುಷ್ಯರಿಂದ ಮನುಷ್ಯರಿಗೇ ಹರಡುತ್ತದೆ. ಬಾಯಿಹುಣ್ಣಿನಿಂದ ನುಂಗಲಾಗದ ಮಗುವಿಗೆ ತಣ್ಣನೆಯ ಹಾಲು, ಮಜ್ಜಿಗೆ, ಗಂಜಿಯೇ ಆಧಾರ. ದಯವಿಟ್ಟು ಅದನ್ನು ನಿಲ್ಲಿಸಬೇಡಿ.

2022ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ‘ಟೊಮ್ಯಾಟೊ ಜ್ವರ’ ಎಂದು ಸುದ್ದಿಯಾದಾಗ ನಮ್ಮ ಗಡಿ ಜಿಲ್ಲೆಗಳಲ್ಲೂ ಆತಂಕ ಹಬ್ಬಿತ್ತು. ಕೇರಳಕ್ಕೆ ಬಂದು ಬ್ರಿಟನ್ನಿಗೆ ಮರಳಿದ್ದ ಮಕ್ಕಳಲ್ಲಿ ಇಂಥದೇ ಗುಳ್ಳೆಗಳು ಎದ್ದಾಗ ಅಲ್ಲಿ ಪರೀಕ್ಷಿಸಿದರು. ಸಿಕ್ಕಿದ್ದು ಕಾಕ್ಸಾಕಿ ಎ16, ಇದೇ ಗುಳ್ಳೆ ಜ್ವರ ತರುವುದೆಂದು ಎಷ್ಟೋ ವರ್ಷಗಳಿಂದ ಗೊತ್ತಿರುವ ವೈರಸ್. ಟೊಮ್ಯಾಟೊಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನನ್ನನ್ನು ಕಾಡುವ ವಿಷಯ ಬೇರೆ. ಕೊರೊನಾ ಕಾಲದಿಂದ ಎಷ್ಟೋ ಶಾಲೆಗಳಲ್ಲಿ ಕೈ ಶುಚಿ ಎಂದರೆ ಸ್ಯಾನಿಟೈಸರ್ ಎಂದೇ ಆಗಿಬಿಟ್ಟಿದೆ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊರಪದರವಿದೆ, ಆಲ್ಕೋಹಾಲ್ ತಾಗಿದರೆ ಅದು ಒಡೆಯುತ್ತದೆ. ಸುಮಾರು 30 ನ್ಯಾನೋಮೀಟರ್ ಗಾತ್ರದ, ಗುಳ್ಳೆ ಜ್ವರದ ಈ ಪುಟ್ಟ ವೈರಸ್‌ಗಳಿಗೆ ಆ ಪದರವೇ ಇಲ್ಲ. ಇರುವುದು ಬರೀ ಗಟ್ಟಿ ಪ್ರೋಟೀನ್ ಚಿಪ್ಪು. ಹಾಗಾಗಿ ಅವು ಆಲ್ಕೋಹಾಲಿಗೆ ಸುಲಭವಾಗಿ ಮಣಿಯುವುದಿಲ್ಲ. ಸೋಪು ಕೂಡ ಅವನ್ನು ಕೊಲ್ಲುವುದಿಲ್ಲ. ಆದರೆ ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ಹರಿಯುವ ನೀರಿನಲ್ಲಿ ತೊಳೆದರೆ ಅವು ಕೈಬಿಟ್ಟು ಹೋಗುತ್ತವೆ, ನಮಗೆ ಬೇಕಾದದ್ದೂ ಅಷ್ಟೇ. ಕಾಮಾಲೆ ತರುವ ಹೆಪಟೈಟಿಸ್ ಎ, ಪೋಲಿಯೊ, ನೆಗಡಿಯ ರೈನೋವೈರಸ್ ಎಲ್ಲವೂ ಇದೇ ಕುಟುಂಬದವು.

ಗುಳ್ಳೆ ಎದ್ದ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಿ ಎಂದು ನಾವು ಶಿಕ್ಷಕರು ಹೇಳುತ್ತೇವೆ. ಕೂಲಿಗೆ ಹೋಗುವ ತಾಯಿಗೆ ಅದೆಷ್ಟು ಕಷ್ಟ ಎಂಬುದು ಗೊತ್ತಿದ್ದೇ ಹೇಳುತ್ತೇವೆ. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ಆದರೆ ಗುಳ್ಳೆ ಒಣಗಿ ಮಗು ಶಾಲೆಗೆ ಬಂದ ಮೇಲೂ ಮಲದಲ್ಲಿ ವಾರಗಟ್ಟಲೆ ವೈರಸ್ ಹೋಗುತ್ತಿರುತ್ತದೆ. ಅಷ್ಟು ದಿನ ಯಾವ ಮಗುವನ್ನೂ ಮನೆಯಲ್ಲಿ ಕೂರಿಸಲಾಗದು. ಶೌಚಾಲಯದಿಂದ ಬಂದ ಕೈಯೇ ಸ್ಲೇಟು ಹಿಡಿಯುತ್ತದೆ, ಪಕ್ಕದ ಮಗುವಿನ ಬಳಪ ತೆಗೆದುಕೊಳ್ಳುತ್ತದೆ, ಬಿಸಿಯೂಟದ ತಟ್ಟೆಗೂ ಹೋಗುತ್ತದೆ. ಆದ್ದರಿಂದ ಶಾಲೆಯಲ್ಲಿ ಕೈ ತೊಳೆಯುವ ವ್ಯವಸ್ಥೆ ಸರಿಯಾಗಿಲ್ಲದಿದ್ದರೆ ರಜೆ ಕೊಟ್ಟೂ ಪ್ರಯೋಜನವಿಲ್ಲ.

ಎಷ್ಟೋ ಕಡೆ ಕೈ ತೊಳೆಯುವ ತೊಟ್ಟಿ ಕಟ್ಟಿದ್ದಾರೆ, ನೀರಿಲ್ಲ. ನೀರಿರುವಲ್ಲಿ ಸೋಪಿಲ್ಲ. ಸೋಪಿನ ಖರ್ಚು ಯಾರದೆಂದು ಕೇಳಿದರೆ ಉತ್ತರವಿಲ್ಲ, ಕೊನೆಗೆ ಶಿಕ್ಷಕರೇ ಕೈಯಿಂದ ಹಾಕುತ್ತಾರೆ. ಬಿಸಿಯೂಟಕ್ಕೆ ಎಣ್ಣೆ, ಉಪ್ಪು ಲೆಕ್ಕ ಹಾಕಿ ಕೊಡುವ ಸರ್ಕಾರ ಅದೇ ಪಟ್ಟಿಗೆ ಸೋಪನ್ನೂ ಸೇರಿಸಲಿ. ಶೌಚಾಲಯದ ಹತ್ತಿರ ಒಂದು, ಊಟದ ಜಾಗದ ಹತ್ತಿರ ಒಂದು ನಲ್ಲಿ ಮಕ್ಕಳ ಎತ್ತರಕ್ಕೆ ಇರುವಂತೆ ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ನೋಡಿಕೊಳ್ಳಲಿ. ನೆಲ, ಆಟಿಕೆ ಒರೆಸಲು ಬ್ಲೀಚಿಂಗ್ ಪುಡಿ ಸಿಗಲಿ.

ಪೋಷಕರಲ್ಲಿ ಇನ್ನೊಂದು ವಿನಂತಿ. ಇದು ವೈರಸ್ ಜ್ವರ, ಆಂಟಿಬಯೋಟಿಕ್‌ಗೆ ಹೋಗುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರಬೇಡಿ. ಮಗು ನೀರನ್ನೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾಗಿ ಮಲಗಿದರೆ, ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಬಿದ್ದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

– ಒಬ್ಬ ನಲಿಕಲಿ ಶಿಕ್ಷಕಿ, ಹಾಸನ ಜಿಲ್ಲೆ